ಪದಚರ್ಚೆ: ಇಬ್ಬರು ಗಂಡುಮಕ್ಕಳಿದ್ದೂ ‘ನಿಸ್ಸಂತತಿ ಕವರು’?

ಎಲ್ಲರಿಗೂ ನಮಸ್ಕಾರ.

ಉಡುಪಿ ಕಡೆಯ ಕಾಪು ಹತ್ತಿರದ ನಮ್ಮ ಹಳೇ ಮನೆಯ ಮರದ ಪೆಟ್ಟಿಗೆಯಲ್ಲಿ ಮೊನ್ನೆ 1953ರ ಪಾಲುಪಟ್ಟಿಯೊಂದು ಸಿಕ್ಕಿತು. ಛಾಪಾ ಕಾಗದದ ಅಂಚು ಗೆದ್ದಲಿಗೆ ಹೋಗಿದೆ, ಅಕ್ಷರ ಮಾತ್ರ ದುಂಡಗೆ ಚೆನ್ನಾಗಿದೆ. ಪಕ್ಕದಲ್ಲಿ ಕೂತು ಓದುತ್ತಿದ್ದ ತಂಗಿಯ ಮಗಳು ಕೇಳಿದಳು: “ಮಾಮ, ಇಲ್ಲಿ ಎರಡನೇ ಕವರು ಅಂತಿದೆ. ಮೊದಲನೇ ಕವರು ಎಲ್ಲಿ?” ನೋಡಿದರೆ ಅವಳು ಪೆಟ್ಟಿಗೆಯೊಳಗೆ ಕೈಹಾಕಿ ಲಕೋಟೆ ಹುಡುಕುತ್ತಿದ್ದಾಳೆ!

ಈ ಕವರು ಅಂಚೆಯದ್ದಲ್ಲ. ನಮ್ಮ ಕವಲು, ಕವಲುದಾರಿ, ಕವೆಗೋಲು ಇವೆಯಲ್ಲ, ಅವುಗಳ ನೆಂಟ. ವಂಶ, ಆಸ್ತಿ ಎರಡನ್ನೂ ತಾಯಿಯ ಕಡೆಯಿಂದ ಎಣಿಸುವ ನಮ್ಮ ಕರಾವಳಿಯ ಅಳಿಯಕಟ್ಟಿನಲ್ಲಿ (ಅಳಿಯಸಂತಾನ ಅಂತಲೂ ಹೇಳುತ್ತಾರೆ) ಒಬ್ಬಳು ಹೆಂಗಸು, ಅವಳ ಮಕ್ಕಳು, ಆಮೇಲೆ ಹೆಣ್ಣುಮಕ್ಕಳ ಕಡೆಯಿಂದ ಬೆಳೆದವರೆಲ್ಲ ಸೇರಿ ಒಂದು ಕವರು. ಗಂಡಸು ತನ್ನ ತಾಯಿಯ ಕವರಿಗೆ ಸೇರುತ್ತಾನೆ. ಹಾಗಾಗಿ ನಾನೂ ಲಕೋಟೆ ಹುಡುಕಿದ ಈ ಹುಡುಗಿಯೂ ಒಂದೇ ಕವರು. ನನ್ನ ಸ್ವಂತ ಮಗ ಬೇರೆ, ಅವನು ನನ್ನ ಹೆಂಡತಿಯ ಕವರು. (ಇದನ್ನು ಹೇಳಿದಾಗ ಅವಳಿಗೆ ಭಾರೀ ಖುಷಿಯಾಯಿತು.) ಗೋತ್ರದ ಹಾಗೆ ತಾಯಿಯಿಂದ ಬರುವ ‘ಬಳಿ’, ತುಳುವಿನ ‘ಬರಿ’, ಇದಕ್ಕಿಂತ ದೊಡ್ಡದು. ಅದು ಮದುವೆಗೆ ನೋಡುವ ಲೆಕ್ಕ. ಕವರು ಆಸ್ತಿಯ ಲೆಕ್ಕ.

ಮನೆಮಾತಿನ ಈ ಪದ ದೇಶದ ಕಾನೂನಿನೊಳಗೂ ಕೂತಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೇ ಕಲಮು ತೆಗೆದು ನೋಡಿ. ಇಂಗ್ಲಿಷ್ ಪಾಠದ ನಡುವೆಯೇ ‘ಕುಟುಂಬ’, ‘ಕವರು’ ಎರಡೂ ಹಾಗೇ ಇವೆ. ಬರೆದವರು ಅನುವಾದ ಮಾಡಲು ಹೋಗಲಿಲ್ಲ. ಒಳ್ಳೇದೇ ಆಯಿತು. ಈಚೆಗೆ ಒಬ್ಬ ವಕೀಲರು ಬರೆದುಕೊಟ್ಟ ಕರಡಿನಲ್ಲಿ ಕವರಿನ ಬದಲು ‘ಶಾಖೆ’ ಅಂತಿತ್ತು. ಊರೂರಿಗೆ ಬ್ಯಾಂಕ್ ಕೊಟ್ಟ ಜಿಲ್ಲೆಯವರು ನಾವು. ನಮಗೆ ಶಾಖೆ ಅಂದರೆ ಮ್ಯಾನೇಜರ್, ಕೌಂಟರ್, ಪಾಸ್‌ಬುಕ್ಕೇ ನೆನಪಾಗೋದು, ಅಲ್ವಾ?

ನನ್ನ ನಿಜವಾದ ತೊಡಕು ಇನ್ನೊಂದು ಪದದ್ದು. ಆ ಪಾಲುಪಟ್ಟಿಯಲ್ಲಿ ನನ್ನ ಅಜ್ಜಿಯ ಅಕ್ಕನ ಹೆಸರಿನ ಮುಂದೆ ‘ನಿಸ್ಸಂತತಿ ಕವರು’ ಎಂದಿದೆ. ನಾವೆಲ್ಲ ದೊಡ್ಡಜ್ಜಿ ಅನ್ನುತ್ತಿದ್ದೆವು. ಅವರಿಗೆ ಮಕ್ಕಳಿರಲಿಲ್ಲವೇ? ಇದ್ದರು, ಇಬ್ಬರು! ಇಬ್ಬರ ಹೆಸರೂ ಅದೇ ಹಾಳೆಯ ಕೆಳಗಡೆ ಇದೆ. ಬರೆದವರು ತಪ್ಪಿದ್ದಾರೆ ಎಂದೇ ಮೊದಲು ಅಂದುಕೊಂಡೆ.

ತಪ್ಪಲ್ಲ. ನಾವಿನ್ನೂ ಮದ್ರಾಸಿಗೆ ಸೇರಿದ್ದಾಗ ಬಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಅದರ ಪ್ರಕಾರ ಕವರಿನಲ್ಲಿ 50 ವರ್ಷ ತುಂಬದ ಹೆಣ್ಣು ಒಬ್ಬಳಾದರೂ ಇದ್ದರೆ ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ ಕವರು. ದೊಡ್ಡಜ್ಜಿಗೆ ಆಗ 54. ಹೆಣ್ಣುಮಕ್ಕಳಿಲ್ಲ. ಇಬ್ಬರೂ ಗಂಡು. ಅವರ ಮಕ್ಕಳು ಹೇಗೂ ಅವರವರ ತಾಯಂದಿರ ಕಡೆಗೆ. ಅಲ್ಲಿಗೆ ಕವರು ಮುಂದೆ ಬೆಳೆಯುವ ದಾರಿ ಮುಚ್ಚಿತು.

ಇದು ಬರೀ ಹೆಸರಿನ ಮಾತೂ ಅಲ್ಲ. ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದರೆ ನಿಸ್ಸಂತತಿ ಕವರಿಗೆ ಸಿಕ್ಕ ಪಾಲು ಬದುಕಿರುವ ತನಕ ಅನುಭವಿಸಲು ಮಾತ್ರ. ದೊಡ್ಡಜ್ಜಿಯ ಕವರಿಗೆ ಬಂದ ಎರಡು ಮಜಲು ಗದ್ದೆಯ ಎದುರು ‘ಜೀವಮಾನ ಪರ್ಯಂತ’ ಎಂದು ಬರೆದಿದೆ. ಅವರ ತಂಗಿ, ಅಂದರೆ ನಮ್ಮ ಅಜ್ಜಿಯ ಪಾಲಿನೆದುರು ಆ ಮಾತಿಲ್ಲ. ಅಜ್ಜಿಗೆ ಮೂವರು ಹೆಣ್ಣುಮಕ್ಕಳು. ಹೊರಗಿನವರು ಅಳಿಯಕಟ್ಟೆಂದರೆ ಹೆಂಗಸರದ್ದೇ ರಾಜ್ಯ ಅಂದುಕೊಳ್ಳುತ್ತಾರೆ. ಹೆಣ್ಣು ಹೆರದ ಹೆಂಗಸಿಗೆ ಅಲ್ಲಿ ಏನು ಸಿಕ್ಕಿತು ಅಂತ ಈ ಹಾಳೆಯನ್ನೊಮ್ಮೆ ಓದಬೇಕು.

1956ರ ಕಾಯ್ದೆ ಬಂದ ಮೇಲೆ ಲೆಕ್ಕ ಬದಲಾಯಿತು. ಕೂಡಿರುವ ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೆ, ಅದಕ್ಕೆ ಸ್ವಲ್ಪ ಮುಂಚೆ ಆಸ್ತಿಯನ್ನು ತಲೆಗೊಂದರಂತೆ ಪಾಲು ಮಾಡಿದ್ದರೆ ಅವರಿಗೆಷ್ಟು ಬರುತ್ತಿತ್ತೋ ಅಷ್ಟು ಅವರ ಪೂರ್ತಿ ಸ್ವಂತದ್ದು. ಅದು ಅವರ ವಾರಸುದಾರರಿಗೆ ಹೋಗುತ್ತದೆ, ಗಂಡುಮಕ್ಕಳಿಗೂ. ನಮ್ಮವರು ಮೂರು ವರ್ಷ ಮೊದಲೇ ಪಾಲಾಗಿದ್ದರು.

ಈಗ ಪ್ರಶ್ನೆಗೆ ಬರುತ್ತೇನೆ. ನಿಘಂಟಿನ ‘ನಿಸ್ಸಂತತಿ’ ಅಂದರೆ ಮಕ್ಕಳಿಲ್ಲದಿರುವುದು. ಇಲ್ಲಿನ ಅರ್ಥ ಅದಲ್ಲ. ಇದಕ್ಕೆ ತುಳುವಿನಲ್ಲೋ ಕುಂದಾಪುರದ ಕಡೆಯ ಕನ್ನಡದಲ್ಲೋ ಹಿರಿಯರು ಬಾಯಿಮಾತಿನಲ್ಲಿ ಬಳಸುತ್ತಿದ್ದ ಪದ ಬೇರೆ ಇತ್ತೇ? ‘ಕವರು’ ಅಂತೂ ನಿಮ್ಮ ಮನೆಗಳಲ್ಲಿ ಈಗಲೂ ಮಾತಿನಲ್ಲಿದೆಯಾ, ಇಲ್ಲ ಪಾಲುಪಟ್ಟಿಯಲ್ಲಿ ಮಾತ್ರವಾ?

ಕೇಳಲು ಕಾರಣ ಇದೆ. ದೊಡ್ಡಜ್ಜಿಯ ಕಿರಿಯ ಮಗ ತಿಂಗಳ ಕೊನೆಗೆ ಮುಂಬೈಯಿಂದ ಬರುತ್ತಾರೆ. ಎಂಬತ್ತು ದಾಟಿದೆ, ಕಣ್ಣು ಮಂಜು. ಪಾಲುಪಟ್ಟಿಯನ್ನು ಪೂರ್ತಿ ಓದಿ ಹೇಳಬೇಕು ಅಂದಿದ್ದಾರೆ. ಆ ಸಾಲು ಬಂದಾಗ ಅವರೆದುರು ಏನೆಂದು ಓದಲಿ?