ವಾರ್ಡಿಗೆ ಬರುವ ವೃದ್ಧರ ಕಸುವು ಅಳೆಯುವುದು ಹೇಗೆ, ಅಳೆದ ಮೇಲೆ ಮಾಡಬೇಕಾದ್ದೇನು?

ಘಟಪ್ರಭಾ_ದಂಡಿ (ಸ್ಟಾಫ್ ನರ್ಸ್, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ ರೀ. ನಮ್ಮದು 30 ಹಾಸಿಗೆಯ ಮೆಡಿಸಿನ್ ವಾರ್ಡ್. ವೃದ್ಧರಿಗೆಂದೇ ಬೇರೆ ಘಟಕ ಇಲ್ಲ, ಫಿಜಿಯೋ ದಿನಕ್ಕೊಮ್ಮೆ ಬಂದು ಹೋಗುತ್ತಾರೆ. ನ್ಯುಮೋನಿಯಾ ಇಳಿಯುತ್ತದೆ, ಜ್ವರ ಬಿಡುತ್ತದೆ, ಆದರೆ ನಡೆದು ಬಂದ ಅಜ್ಜಾರು ಎಂಟನೇ ದಿನ ವೀಲ್‌ಚೇರಿನಲ್ಲಿ ಮನೆಗೆ ಹೋಗುತ್ತಾರೆ. ಇಂಥವರನ್ನು ಮೊದಲ ದಿನವೇ ಗುರುತಿಸಲು ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್ (ಕಸುವಿಗೆ 1ರಿಂದ 9ರವರೆಗೆ ಅಂಕ ಕೊಡುವ ಅಳತೆ, ಅಂಕ ಏರಿದಷ್ಟೂ ಕಸುವು ಕಡಿಮೆ) ಶುರು ಮಾಡಿದ್ದೇವೆ. ತೊಂದರೆ ಏನೆಂದರೆ, ಒಂದು ಪಾಳಿಯವರು 4 ಕೊಟ್ಟ ರೋಗಿಗೆ ಮುಂದಿನ ಪಾಳಿಯವರು 7 ಕೊಡುತ್ತಾರೆ. ಯಾಕೆ ಹೀಗೆ? ಅಂಕ ಬರೆದ ಮೇಲೆ ಅದೇ ಪಾಳಿಯಲ್ಲಿ ಮಾಡಬೇಕಾದ್ದೇನು? ವೈದ್ಯರಿಗೆ ಕಾಯದೆ ನರ್ಸ್ ಕೈಯಲ್ಲೇ ಆಗುವಂಥದ್ದಿದ್ದರೆ ಅದನ್ನು ಮೊದಲು ಹೇಳಿ.

ಮುಪ್ಪಿನ_ವೈದ್ಯ (ಬೆಳಗಾವಿ)

4 ಮತ್ತು 7ರ ಅಂತರ ಬಹುತೇಕ ಒಂದೇ ತಪ್ಪಿನಿಂದ ಬರುತ್ತದೆ. ಒಬ್ಬರು ಕಾಯಿಲೆಗೆ ಮುಂಚಿನ ಸ್ಥಿತಿ ಕೇಳಿ ಬರೆದಿರುತ್ತಾರೆ, ಇನ್ನೊಬ್ಬರು ಆಕ್ಸಿಜನ್ ಹಾಕಿಕೊಂಡು ಮಲಗಿದವರನ್ನು ನೋಡಿ ಬರೆದಿರುತ್ತಾರೆ. ಈ ಸ್ಕೇಲ್ ಅಳೆಯುವುದು ಸುಮಾರು ಎರಡು ವಾರದ ಹಿಂದಿನ ಮನುಷ್ಯನನ್ನು. ಮನೆಯವರಿಗೆ ‘ಎರಡು ವಾರ’ ಅಂದರೆ ಲೆಕ್ಕ ತಪ್ಪುತ್ತದೆ. ‘ಎರಡು ಸಂತಿ ಹಿಂದ ಅಜ್ಜಾರು ಹೆಂಗಿದ್ರು?’ ಎಂದು ಕೇಳಿ, ಉತ್ತರ ಸರಿಯಾಗಿ ಬರುತ್ತದೆ.

ಇನ್ನೊಂದು ತಪ್ಪು ನಮ್ಮ ಕೂಡು ಕುಟುಂಬಗಳಲ್ಲೇ ಹೆಚ್ಚು. ಅಡುಗೆ, ಹಣಕಾಸು, ಗುಳಿಗೆ, ಪ್ರಯಾಣ ಇವಕ್ಕೆ ನೆರವು ಬೇಕಾದರೆ ಅಂಕ 5. ಆದರೆ ಅಜ್ಜ ಜನ್ಮದಲ್ಲಿ ಒಲೆ ಹಚ್ಚಿದವರಲ್ಲ, ಅಮ್ಮನ ಕೈಗೆ ರೊಕ್ಕದ ವ್ಯವಹಾರ ಯಾವತ್ತೂ ಬಂದಿಲ್ಲ. ಸೊಸೆ ರೊಟ್ಟಿ ಬಡಿದು ಕೊಡುತ್ತಾಳೆ ಎಂದ ಮಾತ್ರಕ್ಕೆ 5 ಕೊಡಬಾರದು. ಮೊದಲು ಮಾಡುತ್ತಿದ್ದು ಈಗ ಬಿಟ್ಟ ಕೆಲಸ ಯಾವುದು, ಯಾಕೆ ಬಿಟ್ಟರು ಎಂಬುದನ್ನೇ ಕೇಳಬೇಕು. ಹೊಲಕ್ಕೆ ಹೋಗುವುದು, ಎಮ್ಮೆ ಹಿಂಡುವುದು, ಗುಡಿಗೆ ಒಬ್ಬರೇ ಹೋಗಿ ಬರುವುದು, ಫೋನಿನಲ್ಲಿ ಮಾತಾಡುವುದು ಇವೆಲ್ಲ ನಮ್ಮ ಕಡೆ ಒಳ್ಳೆಯ ಅಳತೆಗೋಲು.

6 ಎಂದರೆ ಜಳಕಕ್ಕೆ ನೆರವು ಬೇಕು, ಮೆಟ್ಟಿಲು ಕಷ್ಟ. ಇಲ್ಲಿಯೂ ಬಿಡಿಸಿ ಕೇಳಿ: ಬಿಸಿನೀರು ತೋಡಿ ಕೊಟ್ಟರೆ ಸಾಕಿತ್ತೋ, ಮೈ ತಿಕ್ಕಬೇಕಿತ್ತೋ? ನೀರು ತೋಡಿ ಕೊಡುವುದು ಮನೆಯ ಪದ್ಧತಿ, ಮೈ ತಿಕ್ಕುವುದು ನೆರವು. ಉಡುವುದು, ಉಣ್ಣುವುದು, ಶೌಚ ಎಲ್ಲಕ್ಕೂ ಇನ್ನೊಬ್ಬರೇ ಬೇಕಾದರೆ 7. ಯಾರ ಆಸರೆಯೂ ಬೇಡ, ಆದರೆ ‘ಇತ್ತೀಚೆಗೆ ಮೆತ್ತಗಾಗ್ಯಾರ, ಹಗಲೆಲ್ಲ ದಣಿವು’ ಎಂದರೆ 4. ಅಂಕದ ಪಕ್ಕದಲ್ಲಿ ಯಾರು ಹೇಳಿದ್ದು, ಯಾವ ಕೆಲಸದ ಆಧಾರದ ಮೇಲೆ ಎಂದು ಒಂದು ಸಾಲು ಬರೆಯುವ ನಿಯಮ ಮಾಡಿ. ಪಾಳಿಯಿಂದ ಪಾಳಿಗೆ ಜಿಗಿಯುವುದು ನಿಲ್ಲುತ್ತದೆ.

5 ಅಥವಾ ಮೇಲಿದ್ದವರಲ್ಲಿ ಸಾವು, ದೀರ್ಘ ವಾಸ, ಮರುದಾಖಲೆ ಮೂರೂ ಹೆಚ್ಚು. ಹಾಗೆಂದು ಐಸಿಯು ಬೇಡ, ಆಪರೇಶನ್ ಬೇಡ ಎನ್ನಲು ಈ ಅಂಕ ಒಂದನ್ನೇ ಹಿಡಿಯಬೇಡಿ. ಆರೈಕೆಯನ್ನು ಬಿಗಿ ಮಾಡಲು ಅದು ಸೂಚನೆ. ಕಸುವಿಲ್ಲದ ವೃದ್ಧರಿಗೆ ದೇಹ, ಮನಸ್ಸು, ಔಷಧಿ, ಮನೆ ಎಲ್ಲವನ್ನೂ ತಂಡವಾಗಿ ನೋಡಿ ಚಿಕಿತ್ಸೆ ಕೊಟ್ಟರೆ, ಮುಂದೆ ಬದುಕಿದ್ದು ಸ್ವಂತ ಮನೆಯಲ್ಲೇ ಇರುವ ಸಾಧ್ಯತೆ ಹೆಚ್ಚು ಎಂಬುದು ಸಾಬೀತಾಗಿದೆ.

ಗುಮ್ಮಟ_ಫಿಜಿಯೋ (ವಿಜಯಪುರ)

ನರ್ಸ್ ಕೈಯಲ್ಲೇ ಆಗುವ ಮೊದಲ ಕೆಲಸ ಹಾಸಿಗೆಯಿಂದ ಏಳಿಸುವುದು. ಆರೋಗ್ಯವಾಗಿದ್ದ ವೃದ್ಧರನ್ನು 10 ದಿನ ಬರೀ ಮಲಗಿಸಿದರೂ ಕಾಲಿನಿಂದ ಸುಮಾರು 1 ಕಿಲೋ ಸ್ನಾಯು ಹೋಗುತ್ತದೆ. ಜ್ವರ, ಸೋಂಕು ಕೂಡಿದರೆ ಇನ್ನೂ ವೇಗ.

ಕ್ರಮ ಹೀಗಿರಲಿ. ಮಲಗಿದ್ದಾಗ ಬಿಪಿ ನೋಡಿ. ಮಂಚದ ಅಂಚಿಗೆ ಕೂರಿಸಿ, ಎರಡೂ ಪಾದ ನೆಲಕ್ಕೆ ಊರಲಿ. ನಮ್ಮ ವಾರ್ಡಿನ ಮಂಚಗಳು ಎತ್ತರ, ಕಾಲು ಜೋತಾಡಿದರೆ ಮುಂದಕ್ಕೆ ಜಾರುತ್ತಾರೆ, ಕೆಳಗೆ ಗಟ್ಟಿ ಮೆಟ್ಟಿಲು ಇಡಿ. ನಿಲ್ಲಿಸಿ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ಬಿಪಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ, ಇಲ್ಲವೇ ಕಣ್ಣು ಕತ್ತಲೆ ಬಂದರೆ, ಕೂರಿಸಿ ವೈದ್ಯರಿಗೆ ತಿಳಿಸಿ. ನೀರು ಕಡಿಮೆಯಾಗಿದೆಯೋ, ಬಿಪಿ ಗುಳಿಗೆ ಹೆಚ್ಚಾಗಿದೆಯೋ ಅವರು ನೋಡುತ್ತಾರೆ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಮೊದಲನೆಯದನ್ನೇ ಮೊದಲು ಅನುಮಾನಿಸಿ. ಬಿಪಿ ಇಳಿಯದಿದ್ದರೆ ನಿಂತಲ್ಲೇ ಹತ್ತು ಹೆಜ್ಜೆ, ಆಮೇಲೆ ಕೈಯಿರುವ ಕುರ್ಚಿ. ಮೂರು ಹೊತ್ತಿನ ಊಟವೂ ಕುರ್ಚಿಯಲ್ಲೇ ಆದರೆ ದಿನಕ್ಕೆ ಮೂರು ಸಲ ಎದ್ದಂತಾಯಿತು.

ಎಲ್ಲಿ ತಪ್ಪುತ್ತದೆ ಅಂದರೆ: ಕಂಕುಳಲ್ಲಿ ಕೈ ಹಾಕಿ ಎತ್ತುವುದು (ಭುಜ ನೋಯುತ್ತದೆ, ಕಾಲಿಗೆ ಕೆಲಸವೇ ಬೀಳುವುದಿಲ್ಲ), ಸಲೈನ್ ಸ್ಟ್ಯಾಂಡ್ ಹಿಡಿದು ನಡೆಯುವುದು, ಹವಾಯಿ ಚಪ್ಪಲಿ, ಕಾಲಿಗೆ ತೊಡರುವ ಧೋತರದ ಅಂಚು. ಯೂರಿನ್ ಬ್ಯಾಗ್ ಕೂಡ ಮನುಷ್ಯನನ್ನು ಮಂಚಕ್ಕೆ ಕಟ್ಟಿ ಹಾಕುತ್ತದೆ. ಕ್ಯಾಥೆಟರ್ ಇಂದೂ ಬೇಕೋ ಎಂದು ಪ್ರತಿ ಬೆಳಿಗ್ಗೆ ರೌಂಡ್ಸ್‌ನಲ್ಲಿ ಕೇಳಿ. ಕೂತು ಏಳಲಾಗದವರಿಗೆ ಭಾರತೀಯ ಶೌಚಾಲಯ ಬೇಡ, ಕಮೋಡ್ ಕುರ್ಚಿ ಕೊಡಿ.

ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರುವ ಪರೀಕ್ಷೆಯನ್ನು ಎಲ್ಲರಿಗೂ ಮೊದಲ ದಿನವೇ ಮಾಡಿಬಿಡಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಭಯವಿದೆ.

ಮುಪ್ಪಿನ_ವೈದ್ಯ (ಬೆಳಗಾವಿ)

ಫಿಜಿಯೋ ಅವರ ಕೊನೆಯ ಮಾತಿಗೆ ಮಾತ್ರ ನನ್ನ ತಕರಾರಿದೆ. ಮೊದಲ ದಿನ ಆ ಪರೀಕ್ಷೆ ಅಳೆಯುವುದು ಜ್ವರವನ್ನು, ಕಸುವನ್ನಲ್ಲ. ಡಿಸ್ಚಾರ್ಜ್‌ಗೆ ಮುಂಚಿನ ದಿನ ಮಾಡಿ, ಆಗ ಮನೆಯವರಿಗೆ ಹೇಳಲು ಉಪಯೋಗ.

ಮೊದಲ ದಿನದ ಸಮಯವನ್ನು ಡೆಲಿರಿಯಂ (ಕಾಯಿಲೆಯಲ್ಲಿ ದಿಢೀರನೆ ಮತಿ ಕೆಡುವುದು) ಹುಡುಕಲು ಕೊಡಿ. ಬಡಬಡಿಸುವವರು, ಸೂಜಿ ಕಿತ್ತುಕೊಳ್ಳುವವರು ತಾವಾಗಿಯೇ ಕಣ್ಣಿಗೆ ಬೀಳುತ್ತಾರೆ. ಸುಮ್ಮನೆ ಮಂಕಾಗಿ ಮಲಗಿದವರು ‘ಆರಾಮ ಅದಾರ’ ಎಂದು ದಾಟಿಹೋಗುತ್ತಾರೆ, ಅಪಾಯ ಅಲ್ಲೇ ಇದೆ. 4ಎಟಿ ಪರೀಕ್ಷೆಗೆ ಎರಡು ನಿಮಿಷ ಸಾಕು. ಎಚ್ಚರ ಹೇಗಿದೆ, ವಯಸ್ಸು, ಹುಟ್ಟಿದ ದಿನ, ಊರು-ಜಾಗ, ಇಸವಿ, ತಿಂಗಳುಗಳನ್ನು ಹಿಂದಿನಿಂದ ಹೇಳುವುದು, ದಿಢೀರ್ ಬದಲಾವಣೆ. 4 ಅಂಕ ಅಥವಾ ಮೇಲಾದರೆ ಡೆಲಿರಿಯಂ ಎಂದೇ ಹಿಡಿದು ಕಾರಣ ಹುಡುಕಿ. ಎಚ್ಚರ ಸ್ಪಷ್ಟವಾಗಿ ಕೆಟ್ಟಿದ್ದರೆ 4, ದಿಢೀರ್ ಬದಲಾವಣೆಗೂ 4. ಹಾಗಾಗಿ ಹುಟ್ಟಿದ ದಿನವೇ ಗೊತ್ತಿಲ್ಲದ ಹಿರಿಯರಲ್ಲೂ ‘ಮೊನ್ನೆ ಹಿಂಗ ಇರ್ಲಿಲ್ರೀ’ ಎಂಬ ಮಗಳ ಒಂದು ಮಾತಿಗೆ ಪೂರಾ ತೂಕ ಇದೆ. ಪ್ರಶ್ನೆ ಮನೆಮಾತಿನಲ್ಲಿರಲಿ, ನಮ್ಮ ಗಡಿಯಲ್ಲಿ ಅದು ಮರಾಠಿಯೋ ಉರ್ದುವೋ ಆಗಿರಬಹುದು. ಕನ್ನಡಕ, ಶ್ರವಣಯಂತ್ರ ಹಾಕಿಸಿಯೇ ಕೇಳಿ.

ಕಾರಣಗಳಲ್ಲಿ ಶುಗರ್, ಆಕ್ಸಿಜನ್, ಸೋಡಿಯಂ, ಮೂತ್ರ ಕಟ್ಟುವುದು, ಮಲಬದ್ಧತೆ, ನೋವು, ಸೋಂಕು ನೋಡಿ. ಆಮೇಲೆ ಔಷಧಿ ಚೀಟಿಯಲ್ಲಿ ಮತಿ ಕೆಡಿಸಬಲ್ಲ ಇವು ಇವೆಯೇ ನೋಡಿ: ಫೆನಿರಮೈನ್, ಪ್ರೊಮೆಥಾಜಿನ್, ಡಯಾಜೆಪಾಂ, ಅಮಿಟ್ರಿಪ್ಟಿಲಿನ್, ಟ್ರಮಡಾಲ್. ನಿದ್ದೆ ಬರಲಿ ಎಂದು ಕೊಟ್ಟದ್ದೇ ಎಷ್ಟೋ ಸಲ ಮತಿ ಕೆಡಿಸಿರುತ್ತದೆ. ಆದರೆ ವರ್ಷಗಟ್ಟಲೆ ತಗೊಂಡ ಡಯಾಜೆಪಾಂ ಅನ್ನು ಒಮ್ಮೆಲೇ ನಿಲ್ಲಿಸಬಾರದು.

ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ ‘ನಾರ್ಮಲ್’ ಎಂದು ನಂಬಿ ಮೋಸಹೋಗಬೇಡಿ. ಸ್ನಾಯು ಕರಗಿದವರಲ್ಲಿ ಅದು ಅಷ್ಟಾಗಿ ಏರುವುದಿಲ್ಲ. 80 ವರ್ಷ, 40 ಕಿಲೋ ತೂಕದ ಅಮ್ಮ, ಕ್ರಿಯಾಟಿನಿನ್ 1.0: 140ರಿಂದ ವಯಸ್ಸು ಕಳೆದರೆ 60, ಅದನ್ನು 40ರಿಂದ ಗುಣಿಸಿ 72ರಿಂದ ಭಾಗಿಸಿ, ಹೆಂಗಸಾದ್ದರಿಂದ 0.85ರಿಂದ ಗುಣಿಸಿದರೆ ಕ್ಲಿಯರೆನ್ಸ್ (ಕಿಡ್ನಿ ಸೋಸುವ ವೇಗ) ಬರುವುದು ನಿಮಿಷಕ್ಕೆ 28 ಮಿಲಿ ಮಾತ್ರ. ಆಂಟಿಬಯೋಟಿಕ್, ಶುಗರ್ ಗುಳಿಗೆ ಎರಡರ ಡೋಸೂ ಇದರ ಮೇಲೆ ನಿಂತಿದೆ. ಊಟ ಬಿಟ್ಟವರಿಗೆ ಗ್ಲೈಬೆನ್‌ಕ್ಲಮೈಡ್‌ನಂಥ ಶುಗರ್ ಗುಳಿಗೆ ಮುಂದುವರಿಸಿದರೆ ಬೆಳಗಿನ ಜಾವ ಶುಗರ್ ಕುಸಿಯುತ್ತದೆ.

ಪುಟಾಣಿ_ಹಿಟ್ಟು (ಆಹಾರ ತಜ್ಞೆ, ಬೆಳಗಾವಿ)

ಕಾಯಿಲೆಯಲ್ಲಿರುವ ವೃದ್ಧರಿಗೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ 50 ಕಿಲೋಗೆ 60ರಿಂದ 75 ಗ್ರಾಂ. ಒಂದು ಬಟ್ಟಲು ಅಕ್ಕಿ ಗಂಜಿಯಲ್ಲಿ ಸಿಗುವುದು 2 ಗ್ರಾಂ. ಚಹಾ-ಬಿಸ್ಕಿಟ್, ಗಂಜಿ, ಎಳನೀರಿನ ಮೇಲೆ ವಾರ ಕಳೆದರೆ ಫಿಜಿಯೋ ಎಷ್ಟು ದುಡಿದರೂ ಸ್ನಾಯು ಉಳಿಯದು.

2 ಮೊಟ್ಟೆ 12 ಗ್ರಾಂ. 200 ಮಿಲಿ ಹಾಲು ಎರಡು ಸಲ 13. ಎರಡು ಹೊತ್ತು ಗಟ್ಟಿ ಬೇಳೆ, ಪ್ರತಿ ಸಲ 30 ಗ್ರಾಂ ಒಣಬೇಳೆ ಹಾಕಿ, 14. 100 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ 10. 30 ಗ್ರಾಂ ಶೇಂಗಾ ಹಿಂಡಿ (ಚಟ್ನಿಪುಡಿ) 7. 200 ಗ್ರಾಂ ಮೊಸರು 6. ಒಟ್ಟು 62. ಮೊಟ್ಟೆ ಒಲ್ಲೆ ಎನ್ನುವವರಿಗೆ 30 ಗ್ರಾಂ ಪುಟಾಣಿ (ಹುರಿಗಡಲೆ) ಹಿಟ್ಟು ಹಾಲಿಗೆ ಕಲಸಿ, ಜೊತೆಗೆ ಸ್ವಲ್ಪ ಪನೀರ್. ಹಲ್ಲಿಲ್ಲದಿದ್ದರೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಅಥವಾ ಜೋಳದ ನುಚ್ಚು ಮಾಡಿ. ಸೋಮವಾರ, ಏಕಾದಶಿ ಉಪವಾಸ ಇದೆಯೇ ಎಂದು ಮೊದಲೇ ಕೇಳಿ. ಕಿಡ್ನಿ ಕೆಟ್ಟವರಿಗೆ ಈ ಲೆಕ್ಕ ಬೇರೆ, ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಹಾಗೆಯೇ ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದವರಿಗೆ ಮೊದಲೆರಡು ದಿನ ಅರ್ಧ ಪ್ರಮಾಣ ಮಾತ್ರ. ಒಮ್ಮೆಲೇ ತುಂಬಿಸಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಕೆಡಬಹುದು. ಥಯಾಮಿನ್ (ವಿಟಮಿನ್ ಬಿ1) ಮೊದಲು, ಊಟ ಆಮೇಲೆ.

ಘಟಪ್ರಭಾ_ದಂಡಿ

ಬಹಳ ಉಪಕಾರ ಆಯ್ತು ರೀ. ಎರಡು ಸಂತಿ ಲೆಕ್ಕ ನಾಳೆಯಿಂದಲೇ ಶುರು. ಒಂದು ಉಳಿಯಿತು: ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಮೊದಲಿನಿಂದಲೂ ಕೋಲು ಹಿಡಿದು, ನೆರವಿನಿಂದ ಜಳಕ ಮಾಡುವವರಿಗೆ 6 ಕೊಡಬೇಕೇ?

ಮುಪ್ಪಿನ_ವೈದ್ಯ (ಬೆಳಗಾವಿ)

ಬೇಡ. ಮೊದಲಿನಿಂದ ಸ್ಥಿರವಾಗಿರುವ ಅಂಗವೈಕಲ್ಯಕ್ಕೂ 65ಕ್ಕಿಂತ ಕಡಿಮೆ ವಯಸ್ಸಿಗೂ ಈ ಸ್ಕೇಲ್ ಒಪ್ಪುವುದಿಲ್ಲ. ಅಂಕದ ಜಾಗದಲ್ಲಿ ಅಡ್ಡಗೆರೆ ಎಳೆದು, ಏನೇನು ತಾವೇ ಮಾಡುತ್ತಿದ್ದರು ಎಂಬುದನ್ನು ಬರೆಯಿರಿ. ಉಳಿದ ಆರೈಕೆ ಎಲ್ಲರಂತೆಯೇ.