ಹ್ಯಾಚರಿ ಸಾಲ್ಮನ್ ಯಾವುದು, ವೈಲ್ಡ್ ಯಾವುದು? ದೋಣಿಯಲ್ಲಿ ನಿಂತು ಗುರುತಿಸುವುದು ಹೇಗೆ?

ಕೇಳಿದವರು: ಬಾಥೆಲ್, ವಾಷಿಂಗ್ಟನ್ ರಾಜ್ಯ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಗೆಳೆಯರ ದೋಣಿಯಲ್ಲಿ ಪ್ಯೂಜೆಟ್ ಸೌಂಡ್‌ಗೆ (ಇಲ್ಲಿನ ಕಡಲ ಒಳಚಾಚು) ಕೋಹೋ ಜಾತಿಯ ಸಾಲ್ಮನ್ ಹಿಡಿಯಲು ಹೊರಟಿದ್ದೇವೆ. ಎವರೆಟ್‌ನಿಂದ ಹೊರಟು ಪೊಸೆಷನ್ ಬಾರ್ ಅನ್ನುವ ಮೀನು ಹಿಡಿಯುವ ಜಾಗದ ಕಡೆಗೆ. ಊರಿಂದ ಮಾವನೂ ಬಂದಿದ್ದಾರೆ, ಮಲ್ಪೆಯವರು. ಮೀನಿನ ವಿಷಯದಲ್ಲಿ ಅವರಿಗೆ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ. ಆದರೆ ‘ಹ್ಯಾಚರಿ ಕೋಹೋ ಮಾತ್ರ ಇಟ್ಟುಕೊಳ್ಳಬಹುದು, ವೈಲ್ಡ್ ಸಿಕ್ಕರೆ ಬಿಡಬೇಕು’ ಅನ್ನುವ ನಿಯಮ ಓದಿ ಹೇಳಿದರೆ (ಹ್ಯಾಚರಿ ಅಂದರೆ ಮರಿ ಮಾಡುವ ಕೇಂದ್ರದಲ್ಲಿ ಹುಟ್ಟಿಸಿ ನೀರಿಗೆ ಬಿಟ್ಟದ್ದು, ವೈಲ್ಡ್ ಅಂದರೆ ಹೊಳೆಯಲ್ಲೇ ಹುಟ್ಟಿದ್ದು) ನಕ್ಕುಬಿಟ್ಟರು. ‘ಮೀನೇನು ಆಧಾರ್ ಕಾರ್ಡ್ ಹಿಡ್ಕೊಂಡು ಬರ್ತದಾ?’ ಅಂದರು. ನನ್ನ ಪ್ರಶ್ನೆಯೂ ಅದೇ. ದೋಣಿ ಅಲುಗಾಡುವಾಗ, ಮೀನು ಒದ್ದಾಡುವಾಗ, ಇದನ್ನು ನೋಡುವುದು ಹೇಗೆ? ಕೈಯಾರೆ ಹಿಡಿದವರು ದಯವಿಟ್ಟು ಹೇಳಿ.

ಎವರೆಟ್, ಸ್ವಂತ ದೋಣಿ ಇರುವವರು

ಮಾವನವರಿಗೆ ಹೇಳಿ, ಕಾರ್ಡ್ ಇದೆ, ಬೆನ್ನ ಮೇಲೆಯೇ ಇದೆ. ಸಾಲ್ಮನ್ ಬೆನ್ನಿನ ಮಧ್ಯದಲ್ಲಿ ಒಂದು ದೊಡ್ಡ ರೆಕ್ಕೆ ಇರುತ್ತದಲ್ವಾ, ಅದನ್ನು ದಾಟಿ ಬಾಲದ ಕಡೆ ಬನ್ನಿ. ಬಾಲ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಒಂದು ಪುಟ್ಟ ರೆಕ್ಕೆ ಸಿಗುತ್ತದೆ. ಅದರೊಳಗೆ ಮುಳ್ಳಿಲ್ಲ, ಕಡ್ಡಿ ಇಲ್ಲ, ಬರೀ ಮೆತ್ತನೆಯ ಮಾಂಸ. ಅಡಿಪೋಸ್ ಫಿನ್ ಅನ್ನುತ್ತಾರೆ. ಹ್ಯಾಚರಿಯವರು ಮರಿಗಳು ಬೆರಳುದ್ದ ಇರುವಾಗಲೇ ಅದನ್ನು ಕತ್ತರಿಸಿ ನೀರಿಗೆ ಬಿಡುತ್ತಾರೆ. ಬುಡದಿಂದ ಕತ್ತರಿಸಿದರೆ ಮತ್ತೆ ಬೆಳೆಯುವುದಿಲ್ಲ. ರೆಕ್ಕೆ ಇದ್ದರೆ ವೈಲ್ಡ್, ಬಿಡಿ. ಇಲ್ಲದಿದ್ದರೆ ಹ್ಯಾಚರಿ. ಆದರೆ ರೆಕ್ಕೆ ಇಲ್ಲ ಅನ್ನುವುದಷ್ಟೇ ಸಾಲದು, ಆ ಜಾಗದಲ್ಲಿ ಮಾಯ್ದ ಗಾಯದ ಗುರುತು ಇರಬೇಕು. ನಿಯಮದಲ್ಲೂ ಹಾಗೇ ಬರೆದಿದೆ.

ಈಗ ಮುಖ್ಯ ವಿಷಯ. ಇದನ್ನೆಲ್ಲ ಮೀನು ನೀರಲ್ಲಿ ಇರುವಾಗಲೇ ನೋಡಬೇಕು. ಮೆರೈನ್ ಏರಿಯಾ (ಮೀನು ನಿಯಮಕ್ಕೆ ಅಂತ ನಂಬರ್ ಹಾಕಿದ ಕಡಲ ಭಾಗ) 5ರಿಂದ 13ರವರೆಗೆ, ಅಂದರೆ ಪ್ಯೂಜೆಟ್ ಸೌಂಡ್ ಪೂರ್ತಿ ಬಂತು ಅನ್ನಿ, ಬಿಡಬೇಕಾದ ಸಾಲ್ಮನ್ ಅನ್ನು ದೋಣಿಯೊಳಗೆ ತರುವುದೇ ತಪ್ಪು. ‘ಒಳಗೆ ಹಾಕಿ ನೋಡೋಣ, ವೈಲ್ಡ್ ಆದ್ರೆ ಬಿಡೋಣ’ ಅನ್ನುವ ಹಾಗಿಲ್ಲ. ಫೋಟೋಗೆ ಅಂತ ಎತ್ತುವ ಹಾಗೂ ಇಲ್ಲ.

ನಮ್ಮ ದೋಣಿಯಲ್ಲಿ ನಡೆಯುವುದು ಹೀಗೆ. ಒಬ್ಬರು ರಾಡ್ ಹಿಡಿದಿರುತ್ತಾರೆ, ಇನ್ನೊಬ್ಬರು ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಾರೆ. ನೋಡುವವರ ಕೈಯಲ್ಲಿ ಕೈಬಲೆ ಇರಬಾರದು! ಬಲೆ ಇದ್ದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಕೋಹೋ ಹತ್ತಿರ ಬಂದ ಮೇಲೂ ಸುಮ್ನೆ ಇರುವುದಿಲ್ಲ, ಗಿರಗಿರ ಸುತ್ತುತ್ತದೆ, ಆದರೆ ಸುತ್ತುವಾಗ ಒಂದು ಕ್ಷಣ ಬೆನ್ನು ಮೇಲೆ ಮಾಡುತ್ತದೆ. ಆಗ ಬಾಲದ ಮುಂದಿನ ಜಾಗ ಮಾತ್ರ ನೋಡಿ, ಬೇರೆ ಏನೂ ನೋಡಬೇಡಿ. ರೆಕ್ಕೆ ಇದ್ದರೆ ಪುಟ್ಟ ನಾಲಿಗೆಯಷ್ಟು ಎದ್ದು ಕಾಣುತ್ತದೆ, ನೀರಲ್ಲಿ ಓಲಾಡುತ್ತದೆ. ಇಲ್ಲದಿದ್ದರೆ ಬೆನ್ನಿನ ಗೆರೆ ಬಾಲದವರೆಗೆ ನುಣ್ಣಗೆ ಹೋಗುತ್ತದೆ.

ಕಂಡದ್ದು ಅನುಮಾನ ಅನ್ನಿಸಿದರೆ ಬಲೆಗೆ ತಗೊಳ್ಳಿ, ಆದರೆ ಬಲೆ ಎತ್ತಬೇಡಿ. ಬಲೆಯ ಬಾಯಿಯ ಉಂಗುರ ಮಾತ್ರ ನೀರಿನ ಮೇಲಿರಲಿ, ಮೀನು ನೀರಲ್ಲೇ ಇರಲಿ, ಆರಾಮವಾಗಿ ನೋಡಿ. ಗಂಟಿಲ್ಲದ ಬಲೆಯೇ ಬೇಕು, ರಬ್ಬರ್‌ನದು ಒಳ್ಳೆಯದು. ಗಂಟಿನ ದಾರದ ಬಲೆ ಹುರುಪೆ ಉದುರಿಸುತ್ತದೆ. ಕೋಹೋ ಹುರುಪೆ ಮೊದಲೇ ಸಡಿಲ, ಕೈ ಸೋಕಿದರೆ ಸಾಕು ಬೆಳ್ಳಿ ಪುಡಿ ಬಂದ ಹಾಗೆ ಬರುತ್ತದೆ.

ಸಮಾಮಿಶ್

ಮೇಲಿನವರು ಹೇಳಿದ್ದು ಸರಿ. ಆದರೆ ಮೊದಲ ಸಲ ನೋಡುವವರಿಗೆ ದೋಣಿ ಕಲಿಯುವ ಜಾಗ ಅಲ್ಲ. ಹೋಗುವ ಮುಂಚೆ ಒಂದು ಭಾನುವಾರ ಇಸಾಕ್ವಾ ಹ್ಯಾಚರಿಗೆ ಹೋಗಿ ಬನ್ನಿ. ಊರ ನಡುವೆಯೇ ಇದೆ, ದುಡ್ಡೂ ಕೊಡಬೇಕಾಗಿಲ್ಲ. 1930ರ ದಶಕದ್ದು, ಈಗಲೂ ಚಿನೂಕ್ (ಇನ್ನೊಂದು ಜಾತಿಯ ಸಾಲ್ಮನ್), ಕೋಹೋ ಎರಡನ್ನೂ ಬೆಳೆಸುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದೊಡ್ಡ ಮೀನುಗಳು ಹೊಳೆ ಹತ್ತಿ ಬರುತ್ತವೆ, ಗಾಜಿನ ಆಚೆ ಕಣ್ಣೆದುರಿಗೇ ನಿಂತಿರುತ್ತವೆ. ರೆಕ್ಕೆ ಇರುವುದು, ಇಲ್ಲದಿರುವುದು ಎರಡನ್ನೂ ಅಕ್ಕಪಕ್ಕದಲ್ಲಿ ನೋಡಬಹುದು. ಸಿಯಾಟಲ್‌ನ ಬ್ಯಾಲರ್ಡ್ ಲಾಕ್ಸ್‌ನಲ್ಲಿ ಮೀನು ಮೇಲೆ ಹತ್ತಲು ಕಟ್ಟಿದ ಮೀನಿನ ಏಣಿಯಲ್ಲೂ ಗಾಜಿನ ಕಿಟಕಿ ಇದೆ, ಆದರೆ ಅಲ್ಲಿ ಜನ ಜಾಸ್ತಿ, ಬೆಳಕು ಕಮ್ಮಿ. ನನ್ನ ಮಗಳಂತೂ ಈಗ ನನಗಿಂತ ಬೇಗ ಹೇಳುತ್ತಾಳೆ. ಮಕ್ಕಳ ಕಣ್ಣು ಚುರುಕು, ದೋಣಿಗೆ ಕರೆದುಕೊಂಡು ಹೋದರೆ ನೋಡುವ ಕೆಲಸ ಅವರಿಗೇ ಕೊಡಿ.

ಅಷ್ಟು ಮರಿಗಳ ರೆಕ್ಕೆಯನ್ನು ಕೈಯಲ್ಲಿ ಕತ್ತರಿಸುತ್ತಾರಾ ಅಂತ ಕೇಳುವವರಿಗೆ: ಕೈಯಲ್ಲೂ ಮಾಡುತ್ತಾರೆ, ಯಂತ್ರದಲ್ಲೂ ಮಾಡುತ್ತಾರೆ. ದೊಡ್ಡ ಟ್ರೇಲರ್ ಒಳಗೇ ಯಂತ್ರ ಇರುತ್ತದೆ. ಮರಿಗಳನ್ನು ಗಾತ್ರ ನೋಡಿ ಬೇರೆ ಮಾಡಿ, ಒಂದೊಂದನ್ನೇ ಹಿಡಿದು ರೆಕ್ಕೆ ತೆಗೆದು ಕಳಿಸುತ್ತದೆ.

ಟಕೋಮಾ

ಎಲ್ಲರೂ ರೆಕ್ಕೆಗೆ ಹೋಗಿಬಿಟ್ಟಿರಿ. ಮೊದಲು ಅದು ಕೋಹೋನಾ ಅಂತ ನೋಡಬೇಡವೇ? ಆ ಹೊತ್ತಿಗೆ ಎಷ್ಟೋ ಕಡೆ ಚಿನೂಕ್ ಪೂರ್ತಿ ಬಂದ್ ಆಗಿರುತ್ತದೆ, ಅದರ ರೆಕ್ಕೆ ಕತ್ತರಿಸಿದ್ದರೂ ಬಿಡಬೇಕು. ಬಾಯಿ ನೋಡಿ. ಕೆಳದವಡೆಯಲ್ಲಿ ಹಲ್ಲಿನ ಬುಡದ ಒಸಡು ಕಪ್ಪಾಗಿದ್ದರೆ ಚಿನೂಕ್, ಬೆಳ್ಳಗಿದ್ದರೆ ಕೋಹೋ. ಬಾಲದಲ್ಲೂ ಗೊತ್ತಾಗುತ್ತದೆ. ಚಿನೂಕ್‌ಗೆ ಬಾಲದ ಮೇಲಿನ ಭಾಗ, ಕೆಳಗಿನ ಭಾಗ ಎರಡರಲ್ಲೂ ಚುಕ್ಕೆ. ಕೋಹೋಗೆ ಮೇಲಿನ ಭಾಗದಲ್ಲಿ ಮಾತ್ರ. ಬೆಸ ಸಂಖ್ಯೆಯ ವರ್ಷ ಆದರೆ ಪಿಂಕ್ ಸಾಲ್ಮನ್ ಕೂಡ ದಂಡಿಯಾಗಿ ಬರುತ್ತದೆ. ಬಾಲದ ತುಂಬ ಮೊಟ್ಟೆ ಆಕಾರದ ದೊಡ್ಡ ದೊಡ್ಡ ಚುಕ್ಕೆ, ಹುರುಪೆ ತೀರಾ ಸಣ್ಣದು. ಪಿಂಕ್‌ಗೆ ರೆಕ್ಕೆ ಕತ್ತರಿಸುವ ರೂಢಿ ಇಲ್ಲ, ಅದರ ಲೆಕ್ಕವೇ ಬೇರೆ.

ಒಲಿಂಪಿಯಾ, ಮೀನುಗಾರಿಕೆ ಓದಿದವರು

ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ರೆಕ್ಕೆ ಇರುವ ಮೀನೆಲ್ಲ ಹೊಳೆಯಲ್ಲೇ ಹುಟ್ಟಿದ್ದು ಅಂತ ಅಲ್ಲ. ಹ್ಯಾಚರಿಯಲ್ಲಿ ಹುಟ್ಟಿಯೂ ರೆಕ್ಕೆ ಉಳಿದಿರುವ ಮೀನುಗಳಿವೆ. ಕೆಲವನ್ನು ಬೇಕಂತಲೇ ಕತ್ತರಿಸದೆ ಬಿಡುತ್ತಾರೆ, ಕೆಲವು ಕತ್ತರಿಯಿಂದ ತಪ್ಪಿಸಿಕೊಂಡಿರುತ್ತವೆ. ಆದರೆ ಗಾಳ ಹಿಡಿದವರಿಗೆ ಆ ವ್ಯತ್ಯಾಸ ಇಲ್ಲ. ರೆಕ್ಕೆ ಇದೆಯಾ, ಕಾನೂನಿನ ಮುಂದೆ ಅದು ವೈಲ್ಡ್. ‘ಇದು ಗುಂಡಗಿದೆ, ಹ್ಯಾಚರಿದೇ ಇರಬೇಕು’ ಅಂತ ಅಂದಾಜಿನ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ಗಾತ್ರ, ಬಣ್ಣ, ರುಚಿ ಇವುಗಳಿಂದ ಗುರುತಿಸುತ್ತೇವೆ ಅನ್ನುವವರನ್ನು ನಂಬಬೇಡಿ. ಹುರುಪೆಯ ಉಂಗುರಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುವುದುಂಟು, ಅದು ಪ್ರಯೋಗಾಲಯದ ಕೆಲಸ.

ಇನ್ನೊಂದು ಗುರುತು ಒಳಗಿರುತ್ತದೆ. ಕೆಲವು ಮರಿಗಳ ಮೂತಿಯೊಳಗೆ 1.1 ಮಿಲಿಮೀಟರ್ ಉದ್ದದ ಒಂದು ತಂತಿ ಚೂರು ಸೇರಿಸುತ್ತಾರೆ. ಅದರ ಮೇಲೆ ನಂಬರ್ ಇರುತ್ತದೆ, ಯಾವ ಹ್ಯಾಚರಿ, ಯಾವ ತಂಡ ಅಂತ ಅದರಿಂದ ಗೊತ್ತಾಗುತ್ತದೆ. ದೋಣಿ ಇಳಿಸುವ ರಾಂಪ್‌ನಲ್ಲಿ ರಾಜ್ಯದ ಮೀನು ಇಲಾಖೆಯವರು ಒಂದು ಕೋಲಿನಂಥ ಸಾಧನ ಹಿಡಿದು ಮೀನಿನ ತಲೆ ಮೇಲೆ ಆಡಿಸುತ್ತಾರೆ. ಸದ್ದು ಮಾಡಿದರೆ ‘ಮೂತಿ ಕೊಡ್ತೀರಾ’ ಅಂತ ಕೇಳುತ್ತಾರೆ. ಸಂತೋಷವಾಗಿ ಕೊಡಿ. ಮುಂದಿನ ವರ್ಷ ಎಲ್ಲಿ, ಎಷ್ಟು ಹಿಡಿಯಬಹುದು ಅನ್ನುವ ಲೆಕ್ಕಕ್ಕೆ ಆ ತಂತಿ ಬೇಕಾಗುತ್ತದೆ. (ತಲೆ ಸಾರಿಗೆ ಬೇಕು ಅಂತ ನಿಮ್ಮ ಮಾವ ಬೇಜಾರು ಮಾಡಿಕೊಳ್ಳಬಹುದು. ಮೂತಿ ಮಾತ್ರ ಸಾಕು ಅಂತ ಕೇಳಿ ನೋಡಿ.)

ಇಷ್ಟೆಲ್ಲ ಯಾಕೆ ಅಂದರೆ, ಈ ರಾಜ್ಯದ ಶಾಸನಸಭೆ 1995ರಲ್ಲೇ ಹ್ಯಾಚರಿ ಕೋಹೋಗೆ ಗುರುತು ಹಾಕಲು ಹೇಳಿತು, ಆಮೇಲೆ ಚಿನೂಕ್‌ಗೂ ಬಂತು. 1999ರಲ್ಲಿ ಪ್ಯೂಜೆಟ್ ಸೌಂಡ್ ಚಿನೂಕ್ ಅಳಿವಿನ ಅಪಾಯದಲ್ಲಿದೆ ಅಂತ ಕೇಂದ್ರದ ಪಟ್ಟಿಗೆ ಸೇರಿತು. ಗುರುತು ಇಲ್ಲದಿದ್ದರೆ ಉಳಿದಿರುವ ದಾರಿ ಎಲ್ಲರಿಗೂ ಪೂರ್ತಿ ಬಂದ್ ಮಾಡುವುದು. ಈಗ ಹೊಳೆ ಮೀನನ್ನು ಬಿಟ್ಟು ಹ್ಯಾಚರಿ ಮೀನನ್ನು ಮನೆಗೆ ಒಯ್ಯಬಹುದು. ನನಗೇನೋ ಇದು ನ್ಯಾಯವಾದ ಏರ್ಪಾಡು ಅನ್ನಿಸುತ್ತದೆ. ಬಿಟ್ಟ ಮೀನುಗಳಲ್ಲಿ ಕೆಲವು ಸಾಯುತ್ತವೆ ಅನ್ನುವುದೂ ನಿಜ, ಅದಕ್ಕೇ ಹಿಮ್ಮುಳ್ಳಿಲ್ಲದ ಗಾಳ, ಗಂಟಿಲ್ಲದ ಬಲೆ, ನೀರಿಂದ ಎತ್ತಬಾರದು ಅನ್ನುವ ನಿಯಮಗಳು.

ಬಾಥೆಲ್ (ಕೇಳಿದವರೇ)

ತುಂಬ ಥ್ಯಾಂಕ್ಸ್. ಇನ್ನೊಂದು ಅನುಮಾನ. ಅರ್ಧ ರೆಕ್ಕೆ ಇದ್ದರೆ?

ಎವರೆಟ್

ಬಿಡಿ. ಅರ್ಧ ಕತ್ತರಿಸಿದಾಗ ಕೆಲವೊಮ್ಮೆ ವಕ್ರವಾಗಿ ಬೆಳೆದಿರುತ್ತದೆ, ಕೆಲವೊಮ್ಮೆ ಸೀಲ್ ಪ್ರಾಣಿ ಕಚ್ಚಿ ಹರಿದಿರುತ್ತದೆ. ಅದರ ಮೇಲೆ ವಾದ ಮಾಡುತ್ತಾ ಕೂತರೆ ಮೀನೂ ಸಾಯುತ್ತದೆ, ಅಧಿಕಾರಿ ಬಂದರೆ ನಿಮ್ಮ ಮಧ್ಯಾಹ್ನವೂ ಹಾಳು. ಗಾಯದ ಗುರುತು ಹೇಗಿರುತ್ತದೆ ಅಂತ ಕೈಯಲ್ಲೇ ಗೊತ್ತಾಗುತ್ತದೆ. ಇಟ್ಟುಕೊಳ್ಳಬಹುದಾದ ಮೀನಿನ ಬೆನ್ನ ಮೇಲೆ ಒದ್ದೆ ಬೆರಳು ಆಡಿಸಿ. ಚರ್ಮ ಪೂರ್ತಿ ಮುಚ್ಚಿಕೊಂಡಿರುತ್ತದೆ, ಬಣ್ಣ ಬೆನ್ನಿನದೇ, ಒಂದು ಸಣ್ಣ ಉಬ್ಬೋ ತಗ್ಗೋ ಸಿಗುತ್ತದೆ, ಅಷ್ಟೇ. ಕೆಂಪಗೆ ಹಸಿ ಮಾಂಸ ಕಂಡರೆ ಅದು ಹ್ಯಾಚರಿಯ ಕೆಲಸ ಅಲ್ಲ. ಚಾಕು ತೆಗೆದು ರೆಕ್ಕೆ ಹಾರಿಸಿ ‘ಹ್ಯಾಚರಿ’ ಅನ್ನುವ ಬುದ್ಧಿವಂತರು ಇದ್ದಾರೆ. ಅಧಿಕಾರಿಗಳು ಮೊದಲು ನೋಡುವುದೇ ಅದನ್ನು.

ಹಾಗೇ, ದಡ ಮುಟ್ಟುವವರೆಗೆ ಮೀನನ್ನು ತುಂಡು ಮಾಡಬೇಡಿ. ಯಾವ ಜಾತಿ, ರೆಕ್ಕೆ ಇತ್ತಾ ಇಲ್ಲವಾ ಅಂತ ನೋಡುವ ಹಾಗಿರಬೇಕು. ಕರುಳು, ಕಿವಿರು ತೆಗೆದು ಐಸ್‌ನಲ್ಲಿಡಿ, ಸಾಕು.

ವ್ಯಾಂಕೂವರ್, ಮೂಲ ಕುಶಾಲನಗರ

ಗಡಿ ದಾಟಿದರೆ ಲೆಕ್ಕ ಬೇರೆ, ನೆನಪಿರಲಿ. ನಮ್ಮ ಬ್ರಿಟಿಷ್ ಕೊಲಂಬಿಯಾದಲ್ಲಿ ಕೋಹೋಗೆ ರೆಕ್ಕೆ ನೋಡುವ ಇದೇ ಪದ್ಧತಿ ಇದೆ, ಆದರೆ ಹ್ಯಾಚರಿ ಚಿನೂಕ್‌ಗಳಲ್ಲಿ ತುಂಬ ಮೀನುಗಳಿಗೆ ರೆಕ್ಕೆ ಹಾಗೇ ಇರುತ್ತದೆ. ಸಾಲ್ಮನ್ ಇಟ್ಟುಕೊಳ್ಳಬೇಕಾದರೆ ಲೈಸೆನ್ಸ್ ಜೊತೆ ಬೇರೆ ಸ್ಟ್ಯಾಂಪೂ ತಗೋಬೇಕು. ಅಲಾಸ್ಕಾದಲ್ಲಂತೂ ಹ್ಯಾಚರಿ ಪಿಂಕ್‌ನ ಗುರುತು ಕಿವಿಯ ಮೂಳೆಯೊಳಗೆ. ಮೊಟ್ಟೆ, ಮರಿ ಇರುವಾಗ ನೀರಿನ ಬಿಸಿಯನ್ನು ಹೆಚ್ಚುಕಮ್ಮಿ ಮಾಡಿ ಆ ಮೂಳೆಯಲ್ಲಿ ಗೆರೆ ಮೂಡಿಸುತ್ತಾರೆ. ಅದನ್ನು ಹೊರಗಿನಿಂದ ನೋಡಲು ಆಗುವುದಿಲ್ಲ.

ಇದೆಲ್ಲ ನೋಡುವಾಗ ನನಗೆ ನಮ್ಮ ಕಾವೇರಿ ನೆನಪಾಗುತ್ತದೆ. ಅಲ್ಲಿ ಹೊರಗಿನ ಹ್ಯಾಚರಿಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟರು. ಯಾವುದೇ ಗುರುತು ಹಾಕಲಿಲ್ಲ. ಕಾವೇರಿಯದೇ ಆದ ಗೂನು ಬೆನ್ನಿನ ಮಹಶೀರ್ ಇವತ್ತು ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಅಣೆಕಟ್ಟು, ಮರಳು, ಡೈನಮೈಟ್ ಎಲ್ಲದರ ಪಾಲೂ ಇದೆ, ಹೊರಗಿನ ಮೀನಿನ ಪಾಲು ದೊಡ್ಡದು ಅನ್ನುತ್ತಾರೆ ಅಧ್ಯಯನ ಮಾಡಿದವರು. ಬಿಡುವ ಮುಂಚೆ ಗುರುತು ಹಾಕುವುದು ನಮ್ಮಲ್ಲೂ ಬೇಕಿತ್ತು ಅಂತ ನನ್ನ ಹೊಟ್ಟೆಯುರಿ.

ಬೆಲ್‌ವ್ಯೂ

ಅಂಗಡಿಯಲ್ಲಿ ‘ವೈಲ್ಡ್’ ಅಂತ ಚೀಟಿ ಇರುತ್ತದಲ್ಲ, ಅದೂ ಇದೂ ಒಂದೇ ಅಂದುಕೊಳ್ಳಬೇಡಿ. ಅಂಗಡಿಯ ವೈಲ್ಡ್ ಅಂದರೆ ಸಮುದ್ರದಿಂದ ಹಿಡಿದದ್ದು, ಪಂಜರದಲ್ಲಿ ಸಾಕಿದ್ದಲ್ಲ ಅಂತ ಅಷ್ಟೇ. ಹ್ಯಾಚರಿಯಲ್ಲಿ ಹುಟ್ಟಿ ಸಮುದ್ರದಲ್ಲಿ ಬೆಳೆದ ಮೀನೂ ಆ ಚೀಟಿಯಡಿ ಬರುತ್ತದೆ. ಪಂಜರದ್ದು ಇಲ್ಲಿ ಹೆಚ್ಚಾಗಿ ಅಟ್ಲಾಂಟಿಕ್ ಸಾಲ್ಮನ್. 2017ರ ಆಗಸ್ಟ್‌ನಲ್ಲಿ ಇದೇ ರಾಜ್ಯದ ಸೈಪ್ರೆಸ್ ದ್ವೀಪದ ಹತ್ತಿರ ಪಂಜರ ಮುರಿದು ಲಕ್ಷಗಟ್ಟಲೆ ತಪ್ಪಿಸಿಕೊಂಡವಲ್ಲ, ಅವು.

ಬಾಥೆಲ್

ಕೊನೆಯದಾಗಿ, ಮಾವ ಪ್ರವಾಸಿ ವೀಸಾದಲ್ಲಿ ಬಂದವರು. ಅವರೂ ರಾಡ್ ಹಿಡಿಯಬಹುದಾ?

ಟಕೋಮಾ

ಲೈಸೆನ್ಸ್ ತಗೊಂಡರೆ ಹಿಡಿಯಬಹುದು. 15 ವರ್ಷ ತುಂಬಿದ ಎಲ್ಲರಿಗೂ ಬೇಕು, ಹೊರಗಿನವರಿಗೆ ಒಂದೆರಡು ದಿನದ್ದೂ ಕೊಡುತ್ತಾರೆ. ಜೊತೆಗೆ ಕ್ಯಾಚ್ ರೆಕಾರ್ಡ್ ಕಾರ್ಡ್ ಇಸಿದುಕೊಳ್ಳಿ. ಹಿಂದಿನ ರಾತ್ರಿ ಇಲಾಖೆಯ ಆ್ಯಪ್‌ನಲ್ಲಿ ಏರಿಯಾ ನಂಬರ್ ಹಾಕಿ ನಿಯಮ ಇನ್ನೊಮ್ಮೆ ನೋಡಿ, ಸೀಸನ್ ನಡುವೆಯೇ ಬದಲಾಯಿಸುತ್ತಾರೆ. ಎಡ್ಮಂಡ್ಸ್ ಹತ್ತಿರ 9 ಮತ್ತು 10ರ ಗಡಿ ಇದೆ, ದೋಣಿ ತೇಲುತ್ತಾ ಆಚೆ ಹೋದರೆ ನಿಯಮವೂ ಬೇರೆಯಾಗಬಹುದು. ಇಟ್ಟುಕೊಂಡ ಮೀನನ್ನು ಕಾರ್ಡಿನಲ್ಲಿ ಅಲ್ಲೇ, ಆಗಲೇ ಬರೆಯಬೇಕು, ಹ್ಯಾಚರಿಯಾ ವೈಲ್ಡಾ ಅಂತಲೂ ಸೇರಿಸಿ. ಬಾಲ್‌ಪೆನ್ ಒಯ್ಯಿರಿ. ಜೆಲ್ ಪೆನ್ ಶಾಯಿ ಒದ್ದೆ ಕೈಗೆ ಹರಡಿಹೋಗುತ್ತದೆ.