ಬ್ಯಾಡಗಿ ಮಾರ್ಕೆಟ್‌ನಾಗ ವರ್ಷದ ಖಾರಕ್ಕ ಮೆಣಸಿನಕಾಯಿ ತಗೊಳ್ಳೋದು ಹೆಂಗ?

ನವಲೂರ ಪ್ಯಾರಲ:
ಮನಿಗೆ ವರ್ಷದ ಖಾರಕ್ಕ 10 ಕಿಲೋ ಮೆಣಸಿನಕಾಯಿ ಬೇಕು. ಧಾರವಾಡದ ಕಿರಾಣಿ ಅಂಗಡಿ ಬಿಟ್ಟು ಈ ಸಲ ಬ್ಯಾಡಗಿಗೇ ಹೋಗೋ ವಿಚಾರ ಐತಿ. ಯಾವ ದಿನ ಹೋಗಬೇಕ್ರಿ? ಹತ್ತ ಕಿಲೋ ಅಷ್ಟ ಕೊಡ್ತಾರೇನು? ಬ್ಯಾಡಗಿ ಮೆಣಸಿನಕಾಯ್ಯಾಗ ಡಬ್ಬಿ, ಕಡ್ಡಿ ಅಂತ ಎರಡು ತರ ಅದಾವಲ್ಲ, ಅದರಾಗ ಯಾವುದು ಚೊಲೊ?

ಮೋಟೆಬೆನ್ನೂರ ಕ್ರಾಸ್:
ಎಪಿಎಂಸಿ ಯಾರ್ಡ್‌ನಾಗ ವ್ಯಾಪಾರ ಸೋಮವಾರ, ಗುರುವಾರ. ಹೊಸ ಮಾಲು ಜೋರಾಗಿ ಬರೋದು ಜನವರಿಯಿಂದ ಮಾರ್ಚ್ ತನಕ. ಮುಂಜಾನೆ ದಲಾಲಿ ಅಂಗಡಿ ಮುಂದ ಚೀಲ ಬಿಚ್ಚಿ ಲಾಟ್ ಹಚ್ಚಿರ್ತಾರ, ಲೈಸೆನ್ಸ್ ಇದ್ದ ಖರೀದಿದಾರರು ನೋಡಿ ಟೆಂಡರ್ ಹಾಕ್ತಾರ. ಅದರಾಗ ನೀವು ಹತ್ತ ಕಿಲೋ ಕೇಳಾಕ ಬರೂದಿಲ್ಲ. ಮೊದಲು ಯಾರ್ಡ್ ಸುತ್ತಾಡಿ ಮಾಲು ನೋಡ್ರಿ, ಅವತ್ತಿನ ದರ ಕೇಳ್ರಿ, ಆಮ್ಯಾಲ ಊರಾಗಿನ ಬಿಡಿ ಅಂಗಡ್ಯಾಗ ತಗೋರಿ. ಟೆಂಡರ್ ದರ ಕ್ವಿಂಟಲ್ ಲೆಕ್ಕ. ಬಿಡಿ ಅಂಗಡ್ಯಾವರು ಆರಿಸಿ ಕೊಡ್ತಾರ, ಅದಕ್ಕ ಕಿಲೋಕ್ಕ ಒಂದಿಷ್ಟು ಹೆಚ್ಚು ಇರೋದು ಸಹಜ. ಮೂಗಿಗೆ ಅರಿವಿ ಕಟ್ಟಿಕೊಳ್ರಿ, ಘಾಟು ತಡ್ಯಾಕ ಆಗೂದಿಲ್ಲ.

ಗಿರಣಿ ಚಾಳ:
ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ. ಬಣ್ಣ, ವಾಸನಿ ಎರಡೂ ಚೊಲೊ. ಕಡ್ಡಿ ಉದ್ದ, ಸಣ್ಣ, ಬೀಜ ಕಡಿಮಿ. ಎರಡರ ಮೈಯೂ ಸುಕ್ಕುಗಟ್ಟಿರ್ತೈತಿ. ಮೈ ನುಣುಪಾಗಿದ್ದು ಕಡದ್ರ ಬೆಂಕಿ ಹತ್ತಿದಂಗ ಆದ್ರ ಅದು ಗುಂಟೂರು ಕಡೆಯ ತಳಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಜಿಐ (ಊರಿನ ಹೆಸರಿನ ಮಾಲು ಅನ್ನೋ ಸರ್ಕಾರಿ ಗುರುತು) ಮಾನ್ಯತೆ ಸಿಕ್ಕೈತಿ ಖರೆ, ಆದ್ರ ಈ ಯಾರ್ಡಿಗೆ ಬಳ್ಳಾರಿ, ರಾಯಚೂರು, ಆಂಧ್ರದ ಮಾಲೂ ಬರ್ತೈತಿ. ಊರ ಹೆಸರು ಕೇಳಿ ರೊಕ್ಕ ಕೊಡಬ್ಯಾಡ್ರಿ.

ಚೀಲದ ಬಾಯಾಗಿನ ಕಾಯಿ ಅಷ್ಟ ನೋಡಿದ್ರ ಮೋಸ ಹೋಗ್ತೀರಿ. ಅಡಿಯಿಂದ ಒಂದು ಹಿಡಿ ತಗಸ್ರಿ. ನಾಕೈದು ಕಾಯಿ ಮುರಿದು ಒಳಗ ನೋಡ್ರಿ: ಕರ್ರಗ ಬೂಸ್ಟು ಇದ್ರ ಹಸಿ ಇರೋವಾಗನ ಚೀಲ ತುಂಬ್ಯಾರ ಅಂತ ಅರ್ಥ, ಅದನ್ನ ಬಿಟ್ಟುಬಿಡ್ರಿ. ಅಲ್ಲಾಡಿಸಿದ್ರ ಬೀಜ ಗಲಗಲ ಅನ್ನಬೇಕು. ತೂಕಕ್ಕ ನೀರು ಹೊಡದಿದ್ರ ಕಾಯಿ ಬಗ್ಗತೈತಿ, ಮುರಿಯೂದಿಲ್ಲ. ಬಿಳೇ ಕಾಗದದಾಗ ತಿಕ್ಕಿದಾಗ ಜಿಡ್ಡು ಹತ್ತಿದ್ರ ಮಿಂಚಾಕ ಎಣ್ಣಿ ಸವರ್ಯಾರ. ಬಿಳಿಚಿದ ಕಾಯಿ ಒಂದೆರಡು ಇದ್ರ ನಡೀತೈತಿ, ಹಿಡಿಗೆ ನಾಕ ಬಂದ್ರ ಬ್ಯಾಡ.

ನವಲೂರ ಪ್ಯಾರಲ:
ಕೋಲ್ಡ್ ಸ್ಟೋರೇಜ್ ಮಾಲು ಸ್ವಸ್ತಾ ಸಿಗತೈತಿ ಅಂತಾರ. ತಗೋಬಹುದೇನ್ರಿ?

ಗಿರಣಿ ಚಾಳ:
ಖಾರಕ್ಕ ನಡೀತೈತಿ, ಆದ್ರ ಹೊಸ ಮಾಲು ಸಿಗೋ ಕಾಲದಾಗ ಯಾಕ ಬೇಕು? ತಗೊಂಡ್ರ ಪ್ಲಾಸ್ಟಿಕ್ ಚೀಲದಾಗ ಕಟ್ಟಬ್ಯಾಡ್ರಿ. ತಂಪಿನಿಂದ ಹೊರಗ ಬಂದ ಕೂಡಲೇ ಕಾಯಿ ಬೆವರತಾವ, ಒಳಗ ಬೂಸ್ಟು ಹಿಡೀತೈತಿ. ಗೋಣಿಚೀಲದಾಗ ತಂದು ಅವತ್ತ ಹರವ್ರಿ.

ಮಸಾಲಿ ಖಾರ:
ಬರೇ ಬ್ಯಾಡಗಿ ಹಾಕಿದ್ರ ಬಣ್ಣ ಬರ್ತೈತಿ, ರುಚಿ ಸಪ್ಪ ಅನಿಸ್ತೈತಿ. 10 ಕಿಲೋದಾಗ ಏಳೂವರೆ ಡಬ್ಬಿ, ಎರಡೂವರೆ ಗುಂಟೂರು ಮಾಡ್ರಿ. ಮಕ್ಕಳಿದ್ರ ಗುಂಟೂರು ಒಂದ ಕಿಲೋಕ್ಕ ಇಳಸ್ರಿ. ತೊಟ್ಟು ತೆಗೆದು ಎರಡು ದಿನ ಬಿಸಲಾಗ ಒಣಗಸ್ರಿ, ಸಂಜಿಗೆ ಒಳಗ ತರ್ರಿ, ಇಲ್ಲಾಂದ್ರ ಮಂಜಿಗೆ ಮತ್ತ ಮೆತ್ತಗಾಗ್ತಾವ. ತೊಟ್ಟು, ತೇವ ಹೋಗಿ ತೂಕ ಇಳೀತೈತಿ, ಗಿರಣಿಯವರ ಮ್ಯಾಲ ಸಂಶಯ ಪಡಬ್ಯಾಡ್ರಿ.

ಬೀಸೋಕಿಂತ ಕುಟ್ಟೋ ಗಿರಣಿ ಚೊಲೊ. ಬೀಸೋ ಕಲ್ಲು ಕಾಯ್ದು ಬಣ್ಣ ಕಂದತೈತಿ. ಕುಟ್ಟಿಸಿದ ಪುಡಿ ಬಿಸಿ ಇರೋವಾಗ ಡಬ್ಬಿಗೆ ತುಂಬಿದ್ರ ಮುಚ್ಚಳದಾಗ ನೀರಾಡಿ ಗಂಟು ಕಟ್ಟತೈತಿ. ಅರಿವಿ ಮ್ಯಾಲ ಪೂರ್ತಿ ಆರಿಸಿ, ಆಮ್ಯಾಲ ತುಂಬ್ರಿ. ಗಿರಣ್ಯಾಗ ನಿಮ್ಮ ಪಾಳಿಗಿಂತ ಮೊದಲು ಅರಿಶಿಣ ಹಾಕ್ಯಾರೇನು ಅಂತ ಕೇಳೋದು ಮರೀಬ್ಯಾಡ್ರಿ, ಇಲ್ಲಾಂದ್ರ ಉಳಿದ ಅರಿಶಿಣ ನಿಮ್ಮ ಖಾರದಾಗ ಕೂಡತೈತಿ.